ಅಣ್ಣನ ತಲೆಯ ಮೇಲೆ ನಾಲ್ಕು ಬೆರಳು

ನಾನು ಇನ್ನೊಬ್ಬರ ಮನೆಯ ವಿಷಯಕ್ಕೆ ಮೂಗು ತೂರಿಸುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಕೆಲವರು ಬೇರೆ ಏನಾದರೂ ತಿಳಿದುಕೊಳ್ಳುವ ಸಂಭವವಿದೆ. ನಾನು ದರ್ಜಿ. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಮಿಷನ್ನು, ಒಬ್ಬಳೇ ಹೆಂಡತಿ. ನಾನು ಹೊಲಿದದ್ದರಲ್ಲಿ ಇಲ್ಲಿಯವರೆಗೆ ಯಾರೂ ತಪ್ಪು ಹುಡುಕಿಲ್ಲ. ಹುಡುಕಿದ ಒಬ್ಬಿಬ್ಬರ ಮೈಯೇ ಸರಿಯಿರಲಿಲ್ಲ. ನನ್ನ ಅಂಗಡಿಗೂ ಪಕ್ಕದ ಕಬ್ಬಿಣದ ವರ್ಕ್‌ಶಾಪಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ನಾಲ್ಕೂವರೆ ಇಂಚಿನದು. ಅಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿತ್ತು ಎಂದರೆ ಅದು ಗೋಡೆಯ ತಪ್ಪು.

ವರ್ಕ್‌ಶಾಪು ಅಣ್ಣತಮ್ಮಂದಿರದು. ಅಣ್ಣನನ್ನು ಬೀದಿಯವರು ದೊಡ್ಡ ಮೇಸ್ತ್ರಿ ಎನ್ನುತ್ತಾರೆ, ತಮ್ಮನನ್ನು ಚಿಕ್ಕ ಮೇಸ್ತ್ರಿ. ವಯಸ್ಸಿನಲ್ಲಿ ಹನ್ನೆರಡು ವರ್ಷದ ಅಂತರ, ಎತ್ತರದಲ್ಲಿ ಹತ್ತಿಂಚಿನದು. ದೊಡ್ಡ ಮೇಸ್ತ್ರಿ ಆರಡಿ ಆಳು. ಚಿಕ್ಕ ಮೇಸ್ತ್ರಿ ಐದಡಿ ಎರಡಿಂಚು, ಅದೂ ಬೂಟು ಹಾಕಿಕೊಂಡಾಗ. ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡಿ ಕೊಡುತ್ತಾರೆ. ಅಳೆಯುವವನು, ಕತ್ತರಿಸುವವನು, ಗಿರಾಕಿಯ ಜತೆ ಜಗಳ ಆಡುವವನು ಎಲ್ಲ ಅಣ್ಣನೇ. ತಮ್ಮನ ಮುಖ್ಯ ಕೆಲಸ ಟೇಪಿನ ಕೊಕ್ಕೆ ಇರುವ ತುದಿಯನ್ನು ಹಿಡಿದುಕೊಳ್ಳುವುದು. ಅಂಕಿ ಓದುವ ತುದಿ ಯಾವಾಗಲೂ ಅಣ್ಣನ ಕೈಯಲ್ಲಿ. ಮೂವತ್ತು ವರ್ಷ ಚಿಕ್ಕ ಮೇಸ್ತ್ರಿ ಆ ಕೊಕ್ಕೆಯನ್ನು ಹಿಡಿದಿದ್ದಾನೆ, ಒಂದು ಸಲವೂ ಅಲುಗಿಸಿಲ್ಲ. ಈ ವಿಷಯದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ನಾನು ಯಾರ ಎದುರಿಗೆ ಬೇಕಾದರೂ ಹೇಳಬಲ್ಲೆ.

ಆದರೆ ಎತ್ತರದ ಲೆಕ್ಕಕ್ಕೆ ಅವರಲ್ಲಿ ಟೇಪಿಲ್ಲ. ಅದು ಅವರ ಅಪ್ಪ ಹಾಕಿಕೊಟ್ಟ ಪದ್ಧತಿ. ಬಾಗಿಲು ಎಷ್ಟೆತ್ತರ ಇರಬೇಕು ಎಂದರೆ ದೊಡ್ಡ ಮೇಸ್ತ್ರಿ ಹೋಗಿ ಆ ಜಾಗದಲ್ಲಿ ನೆಟ್ಟಗೆ ನಿಲ್ಲುತ್ತಾನೆ. ಚಿಕ್ಕ ಮೇಸ್ತ್ರಿ ಸ್ಟೂಲು ಹತ್ತಿ, ಅಣ್ಣನ ತಲೆಯ ಮೇಲೆ ನಾಲ್ಕು ಬೆರಳನ್ನು ಅಡ್ಡ ಇಟ್ಟು, ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾನೆ. ಅಷ್ಟೇ. ಈ ಬೀದಿಯ ಎಲ್ಲ ಬಾಗಿಲು, ನನ್ನ ಅಂಗಡಿಯದೂ ಸೇರಿ, ಅಣ್ಣನ ತಲೆಯ ಮೇಲೆ ನಾಲ್ಕು ಬೆರಳು. ಅಣ್ಣ ಯಾವತ್ತಾದರೂ ಊರಲ್ಲಿ ಇಲ್ಲದಿದ್ದರೆ ಇರಲಿ ಎಂದು, ಅವನಿಗೆ ಇಪ್ಪತ್ತೈದಾಗಿದ್ದಾಗ ವರ್ಕ್‌ಶಾಪಿನ ಒಳಗೋಡೆಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಮೊಳೆಯಿಂದ ಒಂದು ಗೆರೆ ಕೊರೆದಿಟ್ಟಿದ್ದರು. ಅಣ್ಣ ಯಾವತ್ತೂ ಊರು ಬಿಟ್ಟು ಹೋಗದ ಕಾರಣ ಆ ಗೆರೆಯನ್ನು ಯಾರೂ ಬಳಸಿರಲಿಲ್ಲ.

ಈಗ ಹೋಗಬೇಕಾಯಿತು. ಆ ವರ್ಕ್‌ಶಾಪಿನಲ್ಲಿ ಕಬ್ಬಿಣ ಎಷ್ಟು ತುಂಬಿತ್ತೆಂದರೆ ಕೆಲಸದ ಮೇಜು ಎಲ್ಲಿದೆ ಎಂದು ಅವರಿಗೇ ಮರೆತುಹೋಗಿತ್ತು. ದೊಡ್ಡ ಮೇಸ್ತ್ರಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವೆಲ್ಡಿಂಗ್ ಮಾಡುತ್ತಿದ್ದ. ವರ್ಷಗಟ್ಟಲೆ ಹಾಗೆ ಕೂತು ಮಂಡಿ ಎರಡೂ ಕೈಕೊಟ್ಟವು. ಮಗಳು ತನ್ನ ಊರಿಗೆ ಕರೆಸಿಕೊಂಡು ಮೂರು ವಾರದ ಚಿಕಿತ್ಸೆಗೆ ಏರ್ಪಾಟು ಮಾಡಿದಳು. ಹೊರಡುವಾಗ ಅವನು ತಮ್ಮನಿಗೆ, ತಾನು ಬರುವವರೆಗೆ ಯಾವ ಹೊಸ ಕೆಲಸಕ್ಕೂ ಕೈ ಹಾಕಬೇಡ ಎಂದು ಹೇಳಿದ್ದು ನಾನೇ ಕೇಳಿದೆ. ತಮ್ಮ ತಲೆಯಾಡಿಸಿದ್ದೂ ನೋಡಿದೆ.

ಮೂರನೆಯ ದಿನ ವರ್ಕ್‌ಶಾಪಿನ ಮುಂದೆ ಒಂದು ಲಾರಿ ನಿಂತು ಕಂಬ, ತೊಲೆ, ತಗಡು ಎಲ್ಲ ಇಳಿಸಿತು. ನಾನು ಅವರ ಸ್ಕ್ರೂಡ್ರೈವರನ್ನು ವಾಪಸು ಕೊಡುವ ನೆಪದಲ್ಲಿ ಹೋದೆ. ನೆಪ ಎಂದರೆ ನಿಜವಾದ ಸ್ಕ್ರೂಡ್ರೈವರೇ, ಎರಡು ವರ್ಷದಿಂದ ನನ್ನ ಹತ್ತಿರ ಇತ್ತು. ಚಿಕ್ಕ ಮೇಸ್ತ್ರಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದುಕೊಂಡು ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಟೇಪಿನ ಅಂಕಿಯ ತುದಿ ಅವನ ಕೈಯಲ್ಲಿತ್ತು. ಕೊಕ್ಕೆಯ ತುದಿಯನ್ನು ಒಂದು ಇಟ್ಟಿಗೆಯ ಕೆಳಗೆ ಸಿಕ್ಕಿಸಿದ್ದ.

ಏನು ಇದೆಲ್ಲ ಎಂದು ಕೇಳಿದೆ. ವರ್ಕ್‌ಶಾಪಿನ ಒಳಗೆ ಉಕ್ಕಿನ ಅಟ್ಟ ಕಟ್ಟುತ್ತಿದ್ದೇನೆ, ಒಬ್ಬನೇ, ಎಂದ. ಯಾಕೆ ಎಂದು ಕೇಳಿದೆ.

"ಪ್ರಾಜೆಕ್ಟು," ಎಂದ. "ಮುಗಿದ ಮೇಲೆ ನಿಮಗೇ ಗೊತ್ತಾಗುತ್ತೆ."

ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತವನಿಗೆ ಹೇಳುವ ಮಾತೇ ಇದು? ಸ್ಕ್ರೂಡ್ರೈವರನ್ನು ಕೊಡದೆ ಹಾಗೇ ವಾಪಸು ತಂದೆ.

ಕೆಲಸ ಮಾತ್ರ ಅವನು ಶ್ರದ್ಧೆಯಿಂದಲೇ ಮಾಡಿದ, ಸುಳ್ಳು ಹೇಳಬಾರದು. ಗೋಡೆಯ ಗೆರೆಯ ಮುಂದೆ ಸ್ಟೂಲು ಹಾಕಿಕೊಂಡು, ಅಣ್ಣನೇ ಅಲ್ಲಿ ನಿಂತಿದ್ದಾನೋ ಎಂಬಂತೆ ಗಂಭೀರವಾಗಿ ಗೆರೆಯ ಮೇಲೆ ನಾಲ್ಕು ಬೆರಳಿಟ್ಟು ಗುರುತು ಮಾಡಿದ. ಆ ಗುರುತನ್ನು ಮಟ್ಟ ಹಿಡಿಯುವ ನೀರಿನ ಟ್ಯೂಬಿನಿಂದ ನಾಲ್ಕು ಮೂಲೆಗೂ ಒಯ್ದ. ನಾಲ್ಕು ಕಂಬ ನಿಲ್ಲಿಸಿ, ಅವುಗಳ ಪಾದಕ್ಕೆ ದಪ್ಪ ಪ್ಲೇಟು ಬೆಸೆದು, ಬೋಲ್ಟುಗಳನ್ನು ಕಾಂಕ್ರೀಟಿನೊಳಗೆ ಹೂತ. ಚೈನು ರಾಟೆಯಿಂದ ಎರಡು ತೊಲೆ ಏರಿಸಿದ, ತೊಲೆಯ ತಳ ಗುರುತಿಗೆ ಸರಿಯಾಗಿ. ತೊಲೆಗಳ ಮೇಲೆ ಎರಡೆರಡು ಅಡಿಗೆ ಅಡ್ಡಪಟ್ಟಿ, ಅದರ ಮೇಲೆ ತಗಡಿನ ಹಾಸು, ಹತ್ತಲು ಕಡಿದಾದ ಒಂದು ಏಣಿ. ಎಲ್ಲ ಮುಗಿದ ಮೇಲೆ ಅದರ ಕೆಳಗೆ ತಾನೇ ನೆಟ್ಟಗೆ ಮೂರು ಸಲ ಓಡಾಡಿ ನೋಡಿದ. ಅವನ ತಲೆಗೂ ತೊಲೆಗೂ ನಡುವೆ ಬೇಕಾದಷ್ಟು ಜಾಗವಿತ್ತು. ಅವನಿಗೆ ಬಹಳ ತೃಪ್ತಿಯಾಯಿತು. ನನ್ನ ಎತ್ತರವೂ ಹೆಚ್ಚುಕಡಿಮೆ ಅವನದೇ ಆದ್ದರಿಂದ ನನಗೂ ಏನೂ ಹೊಳೆಯಲಿಲ್ಲ.

ಅದೇ ದಿನ ನನ್ನ ಅಂಗಡಿಗೆ ಬಂದು ಒಂದು ಮೆತ್ತೆ ಹೊಲಿದುಕೊಡಿ ಎಂದ. ಹದಿನೆಂಟು ಇಂಚು ಚೌಕ, ನಾಲ್ಕಿಂಚು ದಪ್ಪ, ಕುರ್ಚಿಗೆ ಕಟ್ಟಲು ನಾಲ್ಕು ಲಾಡಿ, ಬಟ್ಟೆ ಒಳ್ಳೆಯದೇ ಇರಲಿ. ಯಾರಿಗೆ ಎಂದು ಕೇಳಿದೆ. ಅದೂ ಆಮೇಲೆ ಎಂದ. ಒಂದು ಗುಟ್ಟಾದರೆ ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ. ಎರಡನೆಯದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಮರುದಿನ ಫ್ಯಾನಿನ ಧೂಳು ಒರೆಸಲು ಮೇಜು ಹತ್ತಿದ್ದಾಗ, ಗೋಡೆಯ ಮೇಲ್ತುದಿಯ ಗಾಳಿಕಿಂಡಿ ನನ್ನ ಕಣ್ಣಿನ ನೇರಕ್ಕೇ ಬಂತು. ಚಿಕ್ಕ ಮೇಸ್ತ್ರಿ ತನ್ನ ಸ್ಟೂಲು, ತನ್ನ ಬುತ್ತಿಯ ಡಬ್ಬಿ, ತನ್ನ ಅಂಗಿ ನೇತುಹಾಕುವ ಗೂಟ ಎಲ್ಲವನ್ನೂ ಒಂದೊಂದಾಗಿ ಅಟ್ಟದ ಮೇಲಕ್ಕೆ ಸಾಗಿಸುತ್ತಿದ್ದ. ಅಣ್ಣನ ಒಂದೇ ಒಂದು ಸಾಮಾನನ್ನೂ ಮುಟ್ಟಿರಲಿಲ್ಲ.

ನನಗೆ ಎಲ್ಲ ಅರ್ಥವಾಯಿತು. ಬೇರೆ ಕೂಡುವ ಏರ್ಪಾಟು ಇದು. ಮೇಲೆ ಮೆತ್ತೆ ಹಾಕಿದ ಕುರ್ಚಿಯಲ್ಲಿ ತಮ್ಮ, ಕೆಳಗೆ ಕಬ್ಬಿಣದ ರಾಶಿಯಲ್ಲಿ ಅಣ್ಣ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿಯೊಬ್ಬಳಿಗೆ ಬಿಟ್ಟು. ನನ್ನ ಹೆಂಡತಿಯೂ ಬಾಯಿ ಬಿಗಿ ಇರುವವಳು, ಎದುರಿನ ಕ್ಷೌರಿಕನ ಹೆಂಡತಿಗೆ ಮಾತ್ರ ಹೇಳಿದಳು. ಮೂರನೆಯ ದಿನ ಕ್ಷೌರಿಕ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲಕ್ಕೆ ನೊರೆ ಹಚ್ಚಿ, ನನಗೆ ಒಂದು ಹೊಸ ಸುದ್ದಿ ಹೇಳಿದ: ಚಿಕ್ಕ ಮೇಸ್ತ್ರಿ ಅಟ್ಟದ ಮೇಲೆ ಗಾಜಿನ ರೂಮು ಕಟ್ಟುತ್ತಾನಂತೆ, ಸಿಂಹಾಸನದಂಥ ಕುರ್ಚಿಯಂತೆ, ಕೆಳಗಿರುವ ಅಣ್ಣನನ್ನು ಕರೆಯುವುದಕ್ಕೆ ಗಂಟೆಯ ಗುಂಡಿಯೂ ಇರುತ್ತದಂತೆ. ನಾನು ದಂಗಾದೆ. ನನಗೂ ಹಾಗೇ ಏನೋ ಅನುಮಾನವಿತ್ತು ಎಂದು ಹೇಳಿದೆ. ನೊರೆ ಬಾಯೊಳಗೆ ಹೋಯಿತು.

ಇಂಥ ಸಮಯದಲ್ಲಿ ಬರಬೇಕಾದವರು ಬಂದರು. ಆ ಅಣ್ಣತಮ್ಮಂದಿರಿಗೆ ಒಬ್ಬ ಸೋದರಮಾವ ಇದ್ದಾರೆ, ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಬೇರೆಯವರ ಪಾಲುಪತ್ರ ನಕಲು ಮಾಡಿ ಮಾಡಿ, ತಟ್ಟೆಯಲ್ಲಿ ಎರಡು ಬಿಸ್ಕತ್ತು ಕಂಡರೂ ಯಾವುದು ಯಾರ ಪಾಲು ಎಂದು ಕೇಳುವ ಅಭ್ಯಾಸ. ಅವರು ಬಂದವರೇ ಕ್ಷೌರಿಕನಿಂದ ಸುದ್ದಿಯೆಲ್ಲ ಕೇಳಿಕೊಂಡರು, ಅಟ್ಟವನ್ನು ಹೊರಗಿನಿಂದ ನೋಡಿದರು, ನನ್ನ ಅಂಗಡಿಯಲ್ಲಿ ಮೆತ್ತೆಯನ್ನು ಒತ್ತಿ ನೋಡಿದರು, ದೊಡ್ಡ ಮೇಸ್ತ್ರಿಯ ಮಗಳ ಮನೆಗೆ ಫೋನು ಮಾಡಿದರು. ಅಲ್ಲಿ ಫೋನು ಎತ್ತಿಕೊಂಡದ್ದು ದೊಡ್ಡ ಮೇಸ್ತ್ರಿಯ ಹೆಂಡತಿ. ಆಕೆಯನ್ನು ಚಿಕ್ಕ ಮೇಸ್ತ್ರಿಯ ಜತೆ ಬೀದಿಯೆಲ್ಲ ಅತ್ತಿಗೆ ಎಂದೇ ಕರೆಯುತ್ತದೆ. ಮಾವ ಅತ್ತಿಗೆಗೆ ಗಾಜಿನ ರೂಮಿನಿಂದ ಗಂಟೆಯ ಗುಂಡಿಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ದೊಡ್ಡ ಮೇಸ್ತ್ರಿ ಪಕ್ಕದಲ್ಲೇ ಮಂಡಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದನಂತೆ. ಪಟ್ಟಿ ಬಿಚ್ಚಿಡಲು ಹೇಳಿದನಂತೆ.

ಮಾವ ಅಷ್ಟಕ್ಕೆ ಬಿಡಲಿಲ್ಲ. ಪಾಲು ಆಗಬೇಕಾದರೆ ಕಟ್ಟಿರುವುದು ಮಹಡಿಯೋ ಬರೀ ಅಟ್ಟವೋ ಎಂದು ಮೊದಲು ತೀರ್ಮಾನವಾಗಬೇಕು, ಅಟ್ಟಕ್ಕೆ ಪಾಲುಪತ್ರ ಬರೆಯುವ ಕ್ರಮವಿಲ್ಲ ಎಂದು ಹೇಳಿ ಕಟ್ಟಡಗಳ ತನಿಖಾಧಿಕಾರಿಯನ್ನೇ ಕರೆತಂದರು. ಆತ ಆರಡಿ ಒಂದಿಂಚು. ಕಂಕುಳಲ್ಲಿ ಫೈಲು ಇಟ್ಟುಕೊಂಡು, ಕನ್ನಡಕದ ಮೇಲಿಂದ ನೆಲ ನೋಡುತ್ತ ಒಳಗೆ ನಡೆದರು.

ಡಣ್ ಎಂದಿತು. ಒಳ್ಳೆಯ ಉಕ್ಕು, ಶಬ್ದ ಬಹಳ ಹೊತ್ತು ನಿಂತಿತ್ತು.

ತನಿಖಾಧಿಕಾರಿ ಹಣೆ ಒತ್ತಿಕೊಂಡು ಬಾಗಿಲ ಪಕ್ಕದ ಇಟ್ಟಿಗೆಯ ರಾಶಿಯ ಮೇಲೆ ಕೂತರು. ಕೂತಲ್ಲಿಂದಲೇ ಕರ್ತವ್ಯ ಶುರು ಮಾಡಿದರು. ಮೇಲೆ ಮನುಷ್ಯ ನೆಟ್ಟಗೆ ನಿಲ್ಲಬಹುದೋ ಎಂದು ಕೇಳಿದರು. ಚಾವಣಿಗೂ ತಗಡಿನ ಹಾಸಿಗೂ ನಡುವೆ ನಾಲ್ಕಡಿ ಚಿಲ್ಲರೆ ಎಂದ ಚಿಕ್ಕ ಮೇಸ್ತ್ರಿ. ಹಾಗಾದರೆ ಇದು ಮಹಡಿಯಲ್ಲ, ಕಾನೂನಿನ ಪ್ರಕಾರ ಅಟ್ಟ, ನನಗೆ ಇಲ್ಲಿ ಕೆಲಸವಿಲ್ಲ ಎಂದರು ಅವರು. ಮಾವ ಒಪ್ಪಲಿಲ್ಲ. ಕೂರುವುದಕ್ಕೆ ಕಟ್ಟಿದ್ದರಲ್ಲಿ ನಿಲ್ಲುವ ಪ್ರಶ್ನೆ ಯಾಕೆ ಬರುತ್ತದೆ, ಮೆತ್ತೆ ಆಗಲೇ ಪಕ್ಕದ ಅಂಗಡಿಯಲ್ಲಿ ತಯಾರಾಗಿದೆ ಎಂದು ವಾದಿಸಿದರು. ತನಿಖಾಧಿಕಾರಿ ಮೆತ್ತೆಯ ಬಗ್ಗೆ ಯಾವ ನಿಯಮವೂ ಇಲ್ಲ ಎಂದರು. ಹಣೆಯ ಮೇಲಿನ ಬುಗುಟನ್ನು ಮುಟ್ಟಿ ನೋಡಿಕೊಂಡು, ಮೇಲುಭಾಗ ಅಟ್ಟ, ಕೆಳಭಾಗ ಎತ್ತರದವರಿಗೆ ಅಪಾಯ ಎಂದು ಬರೆದು ಸಹಿ ಹಾಕಿದರು.

ಆ ಕೊನೆಯ ಮಾತನ್ನು ಮಾವ ಹಿಡಿದುಕೊಂಡರು.

"ಎತ್ತರದವರಿಗೆ," ಎಂದರು. "ಈ ಅಂಗಡೀಲಿ ಎತ್ತರದವನು ಯಾರು? ನಿಮ್ಮಣ್ಣ ಒಬ್ಬನೇ. ಅವನು ದಿನಾ ನಿನ್ನ ಮುಂದೆ ತಲೆ ಬಗ್ಗಿಸ್ಕೊಂಡೇ ಒಳಗೆ ಬರ್ಲಿ ಅಂತ ಕಟ್ಟಿದ್ದೀಯ."

ಚಿಕ್ಕ ಮೇಸ್ತ್ರಿ ಟೇಪು ಎತ್ತಿಕೊಂಡ. ಸ್ಟೂಲು ಹತ್ತಿ ನೆಲದಿಂದ ತೊಲೆಯ ತಳಕ್ಕೆ ಟೇಪು ಹಿಡಿದ. ಐದಡಿ ಹನ್ನೊಂದು. ಅಣ್ಣ ಆರಡಿ. ಗೋಡೆಯ ಗೆರೆ ನೋಡಿದ, ಆಮೇಲೆ ನೆಲ ನೋಡಿದ. ಅವನಿಗೆ ಈಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಬೀದಿಯ ಚರಂಡಿ ಕಟ್ಟಿಕೊಂಡು ವರ್ಕ್‌ಶಾಪಿನೊಳಗೆ ನೀರು ನುಗ್ಗಿತ್ತು. ಆಗ ಅಣ್ಣತಮ್ಮ ಇಬ್ಬರೇ ಸೇರಿ, ಎರಡು ದಿನ ಕಾಂಕ್ರೀಟು ಕಲಸಿ, ನೆಲವನ್ನು ನಾಲ್ಕಿಂಚು ಏರಿಸಿದ್ದರು. ನೆಲ ಮೇಲೆ ಬಂತು. ಗೋಡೆಯ ಗೆರೆ ಇದ್ದಲ್ಲೇ ಇತ್ತು.

ಮಾವನೂ ತನಿಖಾಧಿಕಾರಿಯೂ ಹೋದ ಮೇಲೆ ನಾನು ಮೆತ್ತೆ ಹಿಡಿದುಕೊಂಡು ಒಳಗೆ ಹೋದೆ. ಲಾಡಿಗಳಿಗೆ ಗುರುತು ಮಾಡಬೇಕಾಗಿದ್ದರಿಂದ ನನ್ನ ಬಾಯಲ್ಲಿ ನಾಲ್ಕಾರು ಗುಂಡುಸೂಜಿ ಇದ್ದವು. ಚಿಕ್ಕ ಮೇಸ್ತ್ರಿ ಏಣಿಯ ಕೆಳಮೆಟ್ಟಿಲಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಆಗಲೇ ನಾನು ಮೊದಲ ಸಲ ಅಟ್ಟದ ಕೆಳಗಿನ ಜಾಗವನ್ನು ಸರಿಯಾಗಿ ನೋಡಿದ್ದು. ಕಬ್ಬಿಣದ ರಾಶಿ ಇರಲಿಲ್ಲ. ಅಷ್ಟೂ ಕಬ್ಬಿಣ ಮೇಲೆ ಹೋಗಿತ್ತು. ನೆಲ ಗುಡಿಸಿತ್ತು. ಕಿಟಕಿಯ ಬೆಳಕಿಗೆ ಸರಿಯಾಗಿ, ಮರೆತುಹೋಗಿದ್ದ ಆ ಕೆಲಸದ ಮೇಜು ಎಣ್ಣೆ ಒರೆಸಿಕೊಂಡು ನಿಂತಿತ್ತು. ಅದರ ಮುಂದೆ ಒಂದು ಎತ್ತರದ ಕುರ್ಚಿ, ಕಾಲು ಇಡಲು ಅಡ್ಡಪಟ್ಟಿ ಬೇರೆ.

"ಅಣ್ಣ ಇನ್ಮೇಲೆ ಕುಕ್ಕರಗಾಲಲ್ಲಿ ಕೂರೋದು ಬೇಡ ಅಂತ," ಎಂದ. "ಹತ್ತೋದು ಇಳಿಯೋದು ಎಲ್ಲ ನಾನೇ ಮಾಡ್ತೀನಿ. ಅವನು ಇಲ್ಲಿ ಕೂತು ಹೇಳಿದ್ರೆ ಸಾಕು. ಮೊದಲೇ ಹೇಳಿದ್ರೆ ಬೇಡ ಅಂತಿದ್ದ. ನಿನ್ನ ಕೈಲಿ ಆಗಲ್ಲ ಅಂತಾನೂ ಅಂತಿದ್ದ."

ಆ ಹೊತ್ತಿಗೇ ನಾನು ಎಲ್ಲವನ್ನೂ ಹೇಳಿಬಿಡಬೇಕಾಗಿತ್ತು. ಸಿಂಹಾಸನದ ಕಥೆ ಹುಟ್ಟಿದ್ದು ನನ್ನ ಅಂಗಡಿಯಲ್ಲಿ, ನನ್ನ ಮೇಜಿನ ಮೇಲಿಂದ. ಆದರೆ ಬಾಯಲ್ಲಿ ಸೂಜಿಗಳಿದ್ದವು. ಸೂಜಿ ಬಾಯಲ್ಲಿ ಇಟ್ಟುಕೊಂಡು ಮಾತಾಡಿದರೆ ಅಪಾಯ ಎಂದು ಯಾವ ದರ್ಜಿಯನ್ನು ಬೇಕಾದರೂ ಕೇಳಿ.

ಅಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಆಕೆ ಹೇಳಿದ್ದು ನನಗೂ ಕೇಳಿಸುತ್ತಿತ್ತು. ನಾಳೆ ಬೆಳಗ್ಗೆ ಅಣ್ಣ ಬರುತ್ತಾನೆ, ಆದರೆ ಇರುವುದಕ್ಕಲ್ಲ. ತನ್ನ ಸುತ್ತಿಗೆ, ತನ್ನ ಕೈವಾರ, ತನ್ನ ಚರ್ಮದ ಏಪ್ರನ್ನು ಇಷ್ಟನ್ನು ತೆಗೆದುಕೊಂಡು ಮಗಳ ಊರಿಗೆ ಹೋಗಿಬಿಡುತ್ತಾನೆ. ಅಲ್ಲಿ ಯಾರದೋ ಕಾರ್ಖಾನೆಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ ಕೊಡುತ್ತಾರಂತೆ. ಉಳಿದದ್ದನ್ನೆಲ್ಲ ತಮ್ಮನೇ ಆಳಿಕೊಳ್ಳಲಿ ಅಂದಿದ್ದಾನೆ. ಅತ್ತಿಗೆ ಅಳುತ್ತಿದ್ದಳು. ನಿಜ ಹೇಳಲು ಚಿಕ್ಕ ಮೇಸ್ತ್ರಿ ಬಾಯಿ ತೆರೆದ, ಅಷ್ಟರಲ್ಲಿ ಫೋನು ಅಣ್ಣನ ಕೈಗೆ ಹೋಗಿ ನಿಂತುಹೋಯಿತು. ಮತ್ತೆ ಮತ್ತೆ ಮಾಡಿದರೂ ಆ ಕಡೆ ಯಾರೂ ಎತ್ತಲಿಲ್ಲ.

ಅವನು ಎದ್ದು ಗ್ಯಾಸ್ ಕಟರ್ ಹೊತ್ತಿಸಿದ. ನಾಲ್ಕು ಕಂಬವನ್ನೂ ಕಡಿದು, ನಾಳೆಯೊಳಗೆ ತುಂಡು ಸೇರಿಸಿ ಎತ್ತರಿಸುತ್ತೇನೆ ಎಂದ. ಮೇಲೆ ಎರಡು ಟನ್ ಕಬ್ಬಿಣ ಕೂತಿತ್ತು. ಒಬ್ಬನೇ ಆ ಕಂಬ ಕಡಿದರೆ ಅಣ್ಣ ಬರುವ ಹೊತ್ತಿಗೆ ತಮ್ಮನನ್ನು ಅದರ ಅಡಿಯಿಂದ ತೆಗೆಯಬೇಕಾಗುತ್ತಿತ್ತು.

ನನಗೆ ಒಂದು ವಿಷಯ ಗೊತ್ತಿತ್ತು, ಬೀದಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಅಳತೆ ಪುಸ್ತಕದಲ್ಲಿ ದೊಡ್ಡ ಮೇಸ್ತ್ರಿಗೆ ಒಂದು ಪುಟವಿದೆ. ಕಳೆದ ಏಳೆಂಟು ವರ್ಷದಿಂದ ಅವನ ಪ್ಯಾಂಟಿನ ಉದ್ದ ಸಲಕ್ಕೆ ಅರ್ಧರ್ಧ ಇಂಚು ಇಳಿಯುತ್ತಲೇ ಬಂದಿದೆ. ಹಳೇ ಅಳತೆಗೇ ಹೊಲಿ ಎನ್ನುತ್ತಾನೆ, ಆಗಲಿ ಎನ್ನುತ್ತೇನೆ, ಹೊಸ ಅಳತೆಗೆ ಕತ್ತರಿಸುತ್ತೇನೆ. ಇನ್ನೊಂದು ಸಾಕ್ಷಿ ನನ್ನ ಬಾಗಿಲು. ಅದು ಅವನ ತಲೆಯ ಮೇಲೆ ನಾಲ್ಕು ಬೆರಳಿಗೆ ಕೂರಿಸಿದ್ದು, ನನ್ನ ಅಂಗಡಿಯ ನೆಲವನ್ನು ಯಾರೂ ಏರಿಸಿಲ್ಲ. ಈಗ ಅವನು ಅದರ ಕೆಳಗೆ ಬಂದು ನಿಂತರೆ ಮೇಲೆ ಒಂದು ಗೇಣಿಗೆ ಸ್ವಲ್ಪವೇ ಕಡಿಮೆ ಜಾಗ ಉಳಿಯುತ್ತದೆ. ಬೆನ್ನು ಬಾಗಿ, ಮಂಡಿ ಮಡಿಸಿ, ಆ ಮನುಷ್ಯ ನಾಲ್ಕಿಂಚು ಇಳಿದುಹೋಗಿದ್ದ.

"ಗ್ಯಾಸ್ ಆರಿಸು," ಎಂದೆ. ಸೂಜಿಗಳ ನಡುವಿನಿಂದಲೇ ಹೇಳಿದೆ. "ಅಣ್ಣನಿಗೆ ಈ ಎತ್ತರ ಸಾಕಾಗುತ್ತೆ."

ಹೇಗೆ ಎಂದು ಕೇಳಿದ. ನಾನು ದರ್ಜಿ, ನನ್ನ ಮಾತು ಕೇಳು ಎಂದೆ. ಮೂವತ್ತು ವರ್ಷ ಇನ್ನೊಬ್ಬರು ಓದಿದ ಅಂಕಿಯನ್ನು ನಂಬಿದವನು, ನಂಬಿದ. ಗ್ಯಾಸ್ ಆರಿಸಿದ.

ಮರುದಿನ ಬೆಳಗ್ಗೆ ಬೀದಿಯಲ್ಲಿ ಎಲ್ಲರಿಗೂ ವರ್ಕ್‌ಶಾಪಿನ ಎದುರಿಗೇ ಏನಾದರೊಂದು ಕೆಲಸ ಬಿತ್ತು. ಕ್ಷೌರಿಕ ಅರ್ಧ ನೊರೆ ಹಚ್ಚಿದ ಗಿರಾಕಿಯನ್ನು ಕುರ್ಚಿ ಸಮೇತ ಹೊರಗೆ ತಂದಿದ್ದ, ಬೆಳಕು ಚೆನ್ನಾಗಿದೆ ಎಂದು. ನನ್ನ ಹೆಂಡತಿ ಯಾವತ್ತೂ ಗುಡಿಸದ ಜಗಲಿಯನ್ನು ನಾಲ್ಕನೇ ಸಲ ಗುಡಿಸುತ್ತಿದ್ದಳು. ಮಾವ ಫೈಲು ತಂದಿದ್ದರು, ಪೆನ್ನಿನ ಕ್ಯಾಪು ತೆಗೆದು ರೆಡಿ ಇಟ್ಟುಕೊಂಡಿದ್ದರು. ನಾನು ಮೆತ್ತೆಯನ್ನು ಕುರ್ಚಿಗೆ ಕಟ್ಟಿ, ಒಳಗಿನ ಮೂಲೆಯಲ್ಲಿ ನಿಂತಿದ್ದೆ. ಸೂಜಿಗಳು ಇನ್ನೂ ಬಾಯಲ್ಲೇ ಇದ್ದವು.

ಟ್ಯಾಕ್ಸಿ ನಿಂತಿತು. ದೊಡ್ಡ ಮೇಸ್ತ್ರಿ ಕೋಲು ಊರಿಕೊಂಡು ಇಳಿದ, ಹಿಂದೆ ಅತ್ತಿಗೆ. ತಮ್ಮ ಓಡಿಹೋಗಿ ಏನೋ ಹೇಳಲು ಹೊರಟರೆ ಕೈಯೆತ್ತಿ ತಡೆದ. ಶಟರಿನ ಹತ್ತಿರ ನಿಂತು ತೊಲೆಯನ್ನು ನೋಡಿದ. ಅದೆಷ್ಟೋ ಸಾವಿರ ತೊಲೆ ಏರಿಸಿದ ಕಣ್ಣು ಅದು, ಟೇಪು ಬೇಕಾಗಿಲ್ಲ. ತಗ್ಗಾಗಿದೆ ಎಂದು ಅವನಿಗೆ ಗೊತ್ತಾಗಿಹೋಯಿತು. ಮಾವ ಹಿಂದಿನಿಂದ, ಬಗ್ಗಿ ಹೋಗಪ್ಪ, ಬಗ್ಗಲಿ ಅಂತಲೇ ಕಟ್ಟಿರೋದು ಎಂದು ಎಚ್ಚರಿಸಿದರು.

"ನನ್ನ ಅಂಗಡಿಯೊಳಗೆ ನಾನು ತಲೆ ಬಗ್ಗಿಸಿ ಹೋಗಲ್ಲ," ಎಂದ ದೊಡ್ಡ ಮೇಸ್ತ್ರಿ.

ಕೋಲನ್ನು ಶಟರಿಗೆ ಒರಗಿಸಿಟ್ಟು, ತನ್ನಿಂದ ಎಷ್ಟು ನೆಟ್ಟಗಾಗಲು ಸಾಧ್ಯವೋ ಅಷ್ಟು ನೆಟ್ಟಗಾಗಿ ನಡೆದ. ತಮ್ಮ ಕಣ್ಣು ಮುಚ್ಚಿಕೊಂಡ. ಕ್ಷೌರಿಕನ ಗಿರಾಕಿ ಕುರ್ಚಿಯಿಂದ ಅರ್ಧ ಎದ್ದ. ಎಲ್ಲರೂ ಡಣ್ ಎನ್ನುವುದಕ್ಕಾಗಿ ಕಾದರು.

ಏನೂ ಕೇಳಿಸಲಿಲ್ಲ. ದೊಡ್ಡ ಮೇಸ್ತ್ರಿ ತೊಲೆಯ ಆಚೆಗಿದ್ದ. ಅವನ ಕೂದಲೂ ತಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವನಿಗೇ. ತಿರುಗಿ ತೊಲೆಯನ್ನು ನೋಡಿದ. ಆಮೇಲೆ ಗುಡಿಸಿದ ನೆಲ, ಮೇಜು, ಕುರ್ಚಿ, ಮೆತ್ತೆ ಒಂದೊಂದನ್ನೇ ನೋಡಿದ.

ಇದು ಯಾರದು ಎಂದು ಕೇಳಿದ. ಅದೇ ಸಿಂಹಾಸನ ಎಂದು ಮಾವ ಶುರು ಮಾಡಿದರು.

"ನಿಂದು ಅಣ್ಣ," ಎಂದ ಚಿಕ್ಕ ಮೇಸ್ತ್ರಿ. "ನಿನ್ನ ಮಂಡಿಗೆ ಅಂತ."

ಮಾವ ಪೆನ್ನಿನ ಕ್ಯಾಪು ಹಾಕಿದರು. ದೊಡ್ಡ ಮೇಸ್ತ್ರಿ ಕುರ್ಚಿಯ ಬೆನ್ನು ಹಿಡಿದುಕೊಂಡ. "ಹಾಗಾದ್ರೆ ಸಿಂಹಾಸನ ಅಂತ ಹೇಳಿದ್ಯಾರು?" ಎಂದು ಬೀದಿಯ ಕಡೆ ತಿರುಗಿ ಕೇಳಿದ. ಮಾವ ಕ್ಷೌರಿಕನನ್ನು ನೋಡಿದರು, ಕ್ಷೌರಿಕ ನನ್ನ ಹೆಂಡತಿಯನ್ನು ನೋಡಿದ, ನನ್ನ ಹೆಂಡತಿ ಪೊರಕೆಯನ್ನು ನೋಡಿದಳು. ನನ್ನ ಬಾಯಲ್ಲಿ ಸೂಜಿಗಳಿದ್ದವು.

ಅವನು ಉತ್ತರಕ್ಕೆ ಕಾಯಲಿಲ್ಲ. ತಮ್ಮನ ಕಡೆ ತಿರುಗಿ, ತೊಲೆಯನ್ನು ಎಷ್ಟಕ್ಕೆ ಇಟ್ಟೆ ಎಂದು ಕೇಳಿದ.

"ನಿನ್ನ ತಲೆ ಮೇಲೆ ನಾಲ್ಕು ಬೆರಳು."

ದೊಡ್ಡ ಮೇಸ್ತ್ರಿ ವಾಪಸು ಬಂದು ತೊಲೆಯ ನೇರ ಕೆಳಗೆ ನಿಂತ. ಬಲಗೈಯ ನಾಲ್ಕು ಬೆರಳನ್ನು ತನ್ನ ತಲೆಯ ಮೇಲೆ ಅಡ್ಡ ಇಟ್ಟುಕೊಂಡ. ಬೆರಳು ತಲೆಗೂ ತೊಲೆಗೂ ನಡುವೆ ಸರಿಯಾಗಿ ಕೂತವು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕೇಬಿಟ್ಟಳು. ಡಾಕ್ಟರು ಅಳೆದು, ನಾಲ್ಕಿಂಚು ಕುಗ್ಗಿದ್ದೀರಿ ಎಂದು ಹೇಳಿದ ದಿನದಿಂದ ಇವರು ಸರಿಯಾಗಿ ಊಟವನ್ನೇ ಮಾಡಿಲ್ಲ, ನೋಡಿ ಈಗ, ಒಂದಿಂಚೂ ಕಮ್ಮಿಯಾಗಿಲ್ಲ ಎಂದಳು. ಬೀದಿಯೆಲ್ಲ ಹೌದು ಹೌದು ಎಂದಿತು. ಕ್ಷೌರಿಕನ ಗಿರಾಕಿ, ಡಾಕ್ಟರುಗಳ ಟೇಪೇ ಸರಿಯಿರುವುದಿಲ್ಲ ಎಂದು ನೊರೆಯ ಒಳಗಿನಿಂದ ಹೇಳಿದ.

ದೊಡ್ಡ ಮೇಸ್ತ್ರಿ ನಗಲಿಲ್ಲ. ಕೈಯನ್ನು ತಲೆಯ ಮೇಲೇ ಇಟ್ಟುಕೊಂಡು ಗೋಡೆಯ ಗೆರೆ ನೋಡಿದ. ಆಮೇಲೆ ಮೆಲ್ಲಗೆ ನೆಲ ನೋಡಿದ. ಆ ಕಾಂಕ್ರೀಟನ್ನು ಕಲಸಿದ್ದು ಅವನೇ, ಮಟ್ಟ ಹಿಡಿದದ್ದೂ ಅವನೇ. ಅವನಿಗೆ ಲೆಕ್ಕ ಸಿಕ್ಕಿದ್ದು ನನಗೆ ಕಾಣಿಸಿತು.

"ಈ ನೆಲ ಏರಿಸಿದ್ವಲ್ಲೋ ಆಗ," ಎಂದ, ಬೀದಿಯವರಿಗೆ ಕೇಳಿಸದ ಹಾಗೆ. "ಎಷ್ಟಿಂಚು?"

ಚಿಕ್ಕ ಮೇಸ್ತ್ರಿ ಅಣ್ಣನ ತಲೆಯ ಮೇಲಿನ ಬೆರಳುಗಳನ್ನು ನೋಡಿದ. ನಿನ್ನೆ ನಾನು ಯಾಕೆ ಸಾಕಾಗುತ್ತೆ ಎಂದೆ ಎಂದು ಅವನಿಗೂ ಆ ಕ್ಷಣದಲ್ಲಿ ಗೊತ್ತಾಯಿತು. ಮೂವತ್ತು ವರ್ಷ ಆ ಅಂಗಡಿಯಲ್ಲಿ ಅಳತೆಯ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ ಅವನು.

"ನಾವು ನೆಲ ಏರಿಸ್ಲೇ ಇಲ್ಲ ಅಣ್ಣ," ಎಂದ. "ಏರಿಸೋಣ ಅಂತ ಮಾತಾಡಿದ್ವಿ. ಅಷ್ಟೇ."

ಅಣ್ಣ ತಮ್ಮನನ್ನು ಬಹಳ ಹೊತ್ತು ನೋಡಿದ. ಕೈ ಕೆಳಗಿಳಿಸಿದ.

"ಹೌದು," ಎಂದ. "ಮಾತಾಡಿದ್ವಿ, ನೆನಪಿದೆ."

ಹೋಗಿ ಕುರ್ಚಿಯಲ್ಲಿ ಕೂತ. ಮಂಡಿ ಮಡಿಸದೆ ಕೂತದ್ದು ಅದೆಷ್ಟು ವರ್ಷದ ಮೇಲೋ. ಮೇಜಿನ ಮೇಲೆ ಅಂಗೈ ಆಡಿಸಿದ. ತಲೆಯೆತ್ತಿ ಅಟ್ಟದ ಬೆಸುಗೆಗಳನ್ನು ಒಂದೊಂದಾಗಿ ನೋಡಿ, ಮೂರನೆಯದು ಗಂಟುಗಂಟಾಗಿದೆ, ಉಜ್ಜು ಎಂದ. ತಮ್ಮ ಆಗಲಿ ಎಂದ. ಅತ್ತಿಗೆ ಟ್ಯಾಕ್ಸಿಯವನಿಗೆ ಕಾಯುವುದು ಬೇಡ ಎಂದು ಹೇಳಿ, ಗೂಟದಿಂದ ಚರ್ಮದ ಏಪ್ರನ್ನು ತೆಗೆದು ಗಂಡನ ತೊಡೆಯ ಮೇಲೆ ಹಾಕಿದಳು.

ದೊಡ್ಡ ಮೇಸ್ತ್ರಿ ಒಂದು ಸಲ ಎಡಕ್ಕೆ ಸರಿದ, ಒಂದು ಸಲ ಬಲಕ್ಕೆ ಸರಿದ. ಮೆತ್ತೆಯನ್ನು ಕೆಳಗಿನಿಂದ ಒತ್ತಿ ನೋಡಿದ.

"ಇದನ್ನ ಹೊಲಿದವರು ಯಾರು? ಒಂದು ಕಡೆ ಸೊಟ್ಟಗಿದೆ."

ಮೆತ್ತೆ ಸೊಟ್ಟಗಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ನಾಲ್ಕೂ ಕಡೆ ಒಂದೇ ದಪ್ಪ ಇತ್ತು, ವಾಲಿದ್ದು ಅವನ ಸೊಂಟ. ಆದರೆ ಅವನು ಕೇಳಿದ್ದು ನನ್ನ ಮುಖ ನೋಡಿಕೊಂಡು. ನಾನು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಜೇಬಿಗೆ ಚುಚ್ಚಿಕೊಂಡೆ. ಆರು ಇದ್ದವು.

"ನಾನೇ," ಎಂದೆ. "ತಪ್ಪು ನಂದೇ. ಬಿಚ್ಚಿ ಸರಿ ಮಾಡಿ ಕೊಡ್ತೀನಿ."

ನಾಳೆ ಕೊಟ್ಟರೆ ಸಾಕು ಎಂದ ದೊಡ್ಡ ಮೇಸ್ತ್ರಿ. ಆಮೇಲೆ ತಮ್ಮನನ್ನು ಕರೆದು, ಏಣಿಗೆ ಕೈಹಿಡಿ ಕೂರಿಸಬೇಕು, ಟೇಪು ತಾ ಎಂದ. ತಮ್ಮ ತಂದು ಎಂದಿನಂತೆ ಕೊಕ್ಕೆಯ ತುದಿ ಹಿಡಿಯಲು ಹೋದಾಗ, ಅಣ್ಣ ಆ ತುದಿಯನ್ನು ತಾನೇ ಇಟ್ಟುಕೊಂಡು ಅಂಕಿಯ ತುದಿಯನ್ನು ಅವನ ಕೈಗೆ ಕೊಟ್ಟು, ನನಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ನೀನೇ ಓದು ಎಂದ.